ಚುಕ್ಕಿಯ ಬಲಕ್ಕೆ ನಮ್ಮದೇ ಹೆಸರು: ಖರ್ಚು, ಲಿಪಿ, ಹೊಣೆ

ಪ್ರಶ್ನೆ: ಡಾಟ್ ಕಾಮ್, ಡಾಟ್ ಇನ್ ಇರುವ ಹಾಗೆ ‘.ಕನ್ನಡ’ ಎಂಬುದನ್ನು ನಮ್ಮ ಸಂಘ ಪಡೆಯಬಹುದೇ? ಎಷ್ಟು ಹಣ ಬೇಕು? (ಧಾರವಾಡದ ಓದುಗರು)

ಉತ್ತರ: ಸಂಘ ನೋಂದಣಿಯಾಗಿದ್ದರೆ ಅರ್ಜಿ ಹಾಕಬಹುದು, ವ್ಯಕ್ತಿಗಳ ಅರ್ಜಿ ತೆಗೆದುಕೊಳ್ಳುವುದಿಲ್ಲ. ಆದರೆ ಇದು ಬೇಕೆನಿಸಿದ ದಿನ ಕೊಳ್ಳುವ ಹೆಸರಲ್ಲ. ಅಂತರ್ಜಾಲದ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಅಪರೂಪಕ್ಕೊಮ್ಮೆ ಅರ್ಜಿ ಕರೆಯುತ್ತದೆ. 2012ರ ಸುತ್ತಿನಲ್ಲಿ 1,930 ಅರ್ಜಿ ಬಂದಿದ್ದವು. ಅದರ ನಂತರದ ಸುತ್ತಿಗೆ ಗೊತ್ತುಮಾಡಿದ ಅವಧಿ 2026ರ ಏಪ್ರಿಲ್ 30ರಿಂದ ಆಗಸ್ಟ್ 12. ಶುಲ್ಕ 2012ರಲ್ಲಿ 1,85,000 ಡಾಲರ್ ಇತ್ತು, ಈ ಸುತ್ತಿಗೆ 2,27,000. ನಮ್ಮ ಲೆಕ್ಕದಲ್ಲಿ ಸುಮಾರು 2 ಕೋಟಿ ರೂಪಾಯಿ. ಲಾಭರಹಿತ ಸಂಸ್ಥೆಗಳಿಗೆ ಶೇ. 75ರಿಂದ 85ರಷ್ಟು ರಿಯಾಯಿತಿ ಇಟ್ಟಿದ್ದರು. ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕಿತ್ತು, ಆ ಗಡುವು 2025ರ ಡಿಸೆಂಬರ್‌ನಲ್ಲೇ ಮುಗಿದಿದೆ.

ಎರಡು ಕೋಟಿ ಹೊಂದಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಒಪ್ಪಂದ 10 ವರ್ಷದ್ದು. 2012ರ ಸುತ್ತಿನ ಒಪ್ಪಂದದಲ್ಲಿ ಮೂರು ತಿಂಗಳಿಗೊಮ್ಮೆ 6,250 ಡಾಲರ್ ಕಟ್ಟಬೇಕಿತ್ತು, ಆಮೇಲೆ ಅದು ತುಸು ಏರಿದೆ. ಒಂದೇ ಒಂದು ಹೆಸರು ಮಾರಾಟವಾಗದಿದ್ದರೂ ಇದು ತಪ್ಪುವುದಿಲ್ಲ. ತಾಂತ್ರಿಕ ನಿರ್ವಹಣೆಗೆ ಕೊಡುವ ಹಣ ಬೇರೆ. ನಿಮ್ಮ ಸಂಘಕ್ಕೆ ಬೇಕಿರುವುದು ಕನ್ನಡದಲ್ಲೊಂದು ವಿಳಾಸ ಮಾತ್ರವಾದರೆ, ಕನ್ನಡ ಲಿಪಿಯ ‘.ಭಾರತ’ ಈಗಾಗಲೇ ಇದೆ. ಅದನ್ನು ನಡೆಸುವುದು ಡಾಟ್ ಇನ್ ಹೆಸರುಗಳನ್ನೂ ನೋಡಿಕೊಳ್ಳುವ ನಿಕ್ಸಿ ಸಂಸ್ಥೆ. ಅದರಡಿ ಒಂದು ಹೆಸರು ಕೊಂಡರೆ ಸಾಕು, ಇಷ್ಟೆಲ್ಲ ಹೊರೆ ಬೇಡ.

ಪ್ರಶ್ನೆ: ಕನ್ನಡ ಲಿಪಿಯಲ್ಲಿ ಯಾವ ಪದ ಬೇಕಾದರೂ ಕೇಳಬಹುದೇ? (ಮಂಗಳೂರು)

ಉತ್ತರ: ಇಲ್ಲ. ಬೇರು ವಲಯಕ್ಕೆ, ಅಂದರೆ ಎಲ್ಲ ಹೆಸರುಗಳ ತುದಿ ಸೇರುವ ಪಟ್ಟಿಗೆ, ಲಿಪಿವಾರು ನಿಯಮಗಳಿವೆ. ಕನ್ನಡದ ನಿಯಮಗಳು 2019ರಲ್ಲಿ ಸೇರಿದವು. ಅಕ್ಷರಗಳಿಗೆ ಮಾತ್ರ ಅವಕಾಶ. ಅಂಕಿ, ಹೈಫನ್ ನಡೆಯುವುದಿಲ್ಲ.

ಕನ್ನಡದವರು ಎಡವುವುದು ಇನ್ನೊಂದು ಕಡೆ. ಟೈಪ್ ಮಾಡುವಾಗ ಒತ್ತಕ್ಷರವಾಗದಂತೆ ತಡೆಯಲು ನಡುವೆ ಹಾಕುವ ಕಣ್ಣಿಗೆ ಕಾಣದ ಸಂಕೇತವೊಂದಿದೆಯಲ್ಲ, ಅದಕ್ಕೂ ಇಲ್ಲಿ ಅನುಮತಿಯಿಲ್ಲ. ‘ಸಾಫ್ಟ್‌ವೇರ್’ ಎಂದು ಬರೆಯಲು ಅದು ಬೇಕೇಬೇಕು. ತೆಗೆದರೆ ‘ವೇ’ ಹಿಂದಿನ ಅಕ್ಷರಕ್ಕೆ ಒತ್ತಾಗಿ ಅಂಟಿಕೊಂಡು ‘ಸಾಫ್ಟ್ವೇರ್’ ಆಗುತ್ತದೆ. ಹಾಗಾಗಿ ಅರ್ಧಾಕ್ಷರದ ಪಕ್ಕ ಪೂರ್ಣಾಕ್ಷರ ಬರುವ ಇಂಗ್ಲಿಷ್ ಮೂಲದ ಪದಗಳನ್ನು ಬಿಟ್ಟುಬಿಡುವುದೇ ಲೇಸು. ‘ಕನ್ನಡ’, ‘ಅಂಗಡಿ’, ‘ಬರಹ’ದಂಥ ಪದಗಳಿಗೆ ಈ ತೊಡಕಿಲ್ಲ.

ತೆಲುಗಿನದು ಮತ್ತೊಂದು ಸಂಗತಿ. ಅ, ಆ, ಇ, ಅನುಸ್ವಾರ ಮುಂತಾದವು ಎರಡೂ ಲಿಪಿಗಳಲ್ಲಿ ಹೆಚ್ಚುಕಡಿಮೆ ಒಂದೇ ರೂಪದವು. ಇಂಥವನ್ನು ನಿಯಮದಲ್ಲಿ ಜೋಡಿ ಅಕ್ಷರಗಳೆಂದು ಗುರುತಿಸಿದ್ದಾರೆ. ನಿಮ್ಮ ಪದದ ಅಕ್ಷರಗಳೆಲ್ಲ ಇಂಥ ಜೋಡಿಗಳೇ ಆಗಿದ್ದು, ತೆಲುಗಿನ ಆ ರೂಪ ಮೊದಲೇ ಬೇರೆಯವರ ಪಾಲಾಗಿದ್ದರೆ ನಿಮಗೆ ಸಿಗುವುದಿಲ್ಲ. ಮೋಸದ ವಿಳಾಸಗಳನ್ನು ತಡೆಯಲು ಇದು ಬೇಕಾದದ್ದೇ. ಅರ್ಜಿಯಲ್ಲಿ ಒಂದು ಬದಲಿ ಹೆಸರು ಕೊಡಲು ಈ ಸುತ್ತಿನಲ್ಲಿ ಅವಕಾಶವಿದೆ. ಆ ಜಾಗವನ್ನು ಖಾಲಿ ಬಿಡಬೇಡಿ.

ಪ್ರಶ್ನೆ: ಊರಿನ ಅಥವಾ ರಾಜ್ಯದ ಹೆಸರಿಗೆ ಸರ್ಕಾರದ ಒಪ್ಪಿಗೆ ಬೇಕೇ? (ಬೆಂಗಳೂರು)

ಉತ್ತರ: ಬೇಕು. ಐಎಸ್‌ಒ 3166-2 ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ರಾಜ್ಯ, ಪ್ರಾಂತ್ಯಗಳ ಹೆಸರಿಗೆ ಸಂಬಂಧಪಟ್ಟ ಸರ್ಕಾರದಿಂದ ಬೆಂಬಲದ ಅಥವಾ ಆಕ್ಷೇಪವಿಲ್ಲವೆಂಬ ಪತ್ರ ತರಬೇಕು. ಊರಿನ ಹೆಸರನ್ನು ಆ ಊರಿನ ಸಲುವಾಗಿಯೇ ಬಳಸುವುದಾದರೆ ಅದಕ್ಕೂ ಪತ್ರ ಬೇಕು. ದೇಶದ ಹೆಸರಂತೂ ಈ ದಾರಿಯಲ್ಲಿ ಸಿಗುವುದೇ ಇಲ್ಲ. ಅರ್ಜಿದಾರರ ಉದ್ದೇಶ ಬೇರೆಯೇ ಇದ್ದರೂ ಪಟ್ಟಿಯ ನಿಯಮ ಸಡಿಲವಾಗದು. 2012ರಲ್ಲಿ ಟಾಟಾ ಸಮೂಹ ತನ್ನದೇ ಹೆಸರು ಕೇಳಿತು. ಮೊರಾಕ್ಕೊದಲ್ಲಿ ಅದೇ ಹೆಸರಿನ ಪ್ರಾಂತ್ಯವೊಂದಿದ್ದು ಅಲ್ಲಿನ ಸರ್ಕಾರದ ಒಪ್ಪಿಗೆಯ ಪ್ರಶ್ನೆ ಎದ್ದಿತು. ‘.ಟಾಟಾ’ ಸಿಗಲಿಲ್ಲ, ‘.ಟಾಟಾಮೋಟರ್ಸ್’ ಸಿಕ್ಕಿತು. ಪತ್ರಕ್ಕಾಗಿ ಕಚೇರಿ ಅಲೆಯಲು ಎಷ್ಟು ಕಾಲ ಹಿಡಿಯುತ್ತದೆಂಬುದು ನಿಮಗೇ ಗೊತ್ತು. ಅರ್ಜಿ ನಮೂನೆ ತೆರೆಯುವ ಮುನ್ನವೇ ಆ ಕೆಲಸಕ್ಕೆ ಕೈಹಾಕಿ.

ಪ್ರಶ್ನೆ: ಒಂದೇ ಹೆಸರಿಗೆ ಇಬ್ಬರು ಅರ್ಜಿ ಹಾಕಿದರೆ? (ಮೈಸೂರು)

ಉತ್ತರ: ನಿಜವಾದ ಸಮುದಾಯದ ಪರವಾಗಿ ಬಂದ ಅರ್ಜಿ ಅದಕ್ಕಿರುವ ಪರೀಕ್ಷೆಯಲ್ಲಿ ಗೆದ್ದರೆ ಅದಕ್ಕೇ ಆದ್ಯತೆ. ಇಲ್ಲವಾದರೆ ಐಕ್ಯಾನ್ ಹರಾಜು. 2016ರಲ್ಲಿ ‘.ವೆಬ್’ 13.5 ಕೋಟಿ ಡಾಲರ್‌ಗೆ ಹೋಗಿತ್ತು. ಅರ್ಜಿದಾರರು ತಮ್ಮೊಳಗೇ ಖಾಸಗಿ ಹರಾಜು ನಡೆಸಿಕೊಂಡು ಸೋತವರು ಹಣ ಹಂಚಿಕೊಳ್ಳುತ್ತಿದ್ದ ಪದ್ಧತಿಯನ್ನು ಈ ಸುತ್ತಿನಲ್ಲಿ ನಿಷೇಧಿಸಿದ್ದಾರೆ. ಒಳ್ಳೆಯದೇ ಆಯಿತು.

ಪ್ರಶ್ನೆ: ನಮ್ಮಲ್ಲಿ ಸರ್ವರ್ ನೋಡಿಕೊಳ್ಳುವ ಎಂಜಿನಿಯರುಗಳಿದ್ದಾರೆ. ನಾವೇ ನಡೆಸಬಹುದಲ್ಲ? (ಹುಬ್ಬಳ್ಳಿ)

ಉತ್ತರ: ನಿಯಮ ಬೇಡವೆನ್ನುವುದಿಲ್ಲ, ನಾವು ಬೇಡವೆನ್ನುತ್ತೇವೆ. ತಾಂತ್ರಿಕ ಸೇವೆ ಕೊಡುವವರನ್ನು ಐಕ್ಯಾನ್ ಪ್ರತ್ಯೇಕವಾಗಿ ಪರೀಕ್ಷಿಸುತ್ತದೆ, ಅದರ ಶುಲ್ಕವೇ 92,000 ಡಾಲರ್. ಪಾಸಾದವರೊಬ್ಬರನ್ನು ಗೊತ್ತುಮಾಡಿಕೊಳ್ಳುವುದು ಅಗ್ಗ.

ಒಪ್ಪಂದದ ಮಟ್ಟ ನೋಡಿ. ಹೆಸರನ್ನು ಸರ್ವರ್‌ನ ಅಂಕಿ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ಸೇವೆ ಒಟ್ಟಾರೆಯಾಗಿ ತಿಂಗಳಲ್ಲಿ ಒಂದು ನಿಮಿಷವೂ ನಿಲ್ಲುವಂತಿಲ್ಲ. ಆ ಸೇವೆ ಕೊಡುವ ಬಿಡಿ ನೇಮ್‌ಸರ್ವರ್‌ಗೆ 432 ನಿಮಿಷ, ರಿಜಿಸ್ಟ್ರಾರ್‌ಗಳು (ಜನರಿಗೆ ಹೆಸರು ಮಾರುವವರು) ಹೆಸರು ನೋಂದಾಯಿಸುವ ವ್ಯವಸ್ಥೆಗೆ 864 ನಿಮಿಷ ವಿನಾಯಿತಿ. ಒಂದು ವಾರದೊಳಗೆ ಡಿಎನ್‌ಎಸ್ ಒಟ್ಟು 4 ಗಂಟೆ ನಿಂತರೆ ನಿಮ್ಮ ಹೆಸರನ್ನು ತುರ್ತು ನಿರ್ವಾಹಕರ ಕೈಗೆ ಕೊಡಬಹುದು. 2017ರಲ್ಲಿ ‘.ವೆಡ್’ಗೆ ತುರ್ತು ನಿರ್ವಾಹಕರು ಬಂದದ್ದು ಇಂಥ ಮೊದಲ ಪ್ರಸಂಗ. ನೋಂದಣಿಯ ಪೂರ್ಣ ದತ್ತಾಂಶವನ್ನು ಪ್ರತಿ ಭಾನುವಾರ, ಉಳಿದ ದಿನಗಳಲ್ಲಿ ಬದಲಾವಣೆಗಳನ್ನು, ಮೂರನೆಯ ಸಂಸ್ಥೆಯೊಂದರಲ್ಲಿ ಠೇವಣಿ ಇಡಬೇಕು.

ಹೆಚ್ಚು ಅಪಾಯ ಡಿಎನ್‌ಎಸ್ ಉತ್ತರ ಅಸಲಿಯೆಂದು ಸಹಿಯಿಂದ ಖಚಿತಪಡಿಸುವ ಡಿಎನ್‌ಎಸ್‌ಸೆಕ್‌ನ ಕೀಲಿ ಬದಲಿಸುವಾಗ. ನಿಮ್ಮ ಕೀಲಿಯ ಗುರುತು ಡಿಎಸ್ ದಾಖಲೆಯಾಗಿ ಬೇರು ವಲಯದಲ್ಲಿರುತ್ತದೆ, ಅದರ ಟಿಟಿಎಲ್ (ಇತರ ಸರ್ವರ್‌ಗಳು ಅದನ್ನು ನೆನಪಿಟ್ಟುಕೊಳ್ಳುವ ಅವಧಿ) 86,400 ಸೆಕೆಂಡು, ಅಂದರೆ ಪೂರಾ ಒಂದು ದಿನ. ಹೊಸ ಡಿಎಸ್ ಬೇರಿನಲ್ಲಿ ಕಾಣಿಸಿಕೊಂಡ ತಕ್ಷಣ ಹಳೆಯ ಕೀಲಿ ಕಿತ್ತರೆ, ಹಳೆಯ ಡಿಎಸ್ ನೆನಪಿಟ್ಟುಕೊಂಡಿರುವ ರಿಸಾಲ್ವರ್‌ಗಳಿಗೆ (ಬಳಕೆದಾರರ ಪರವಾಗಿ ವಿಳಾಸ ಹುಡುಕುವ ಸರ್ವರ್‌ಗಳಿಗೆ) ಸಹಿ ತಾಳೆಯಾಗುವುದಿಲ್ಲ. ನಿಮ್ಮಡಿಯ ತಾಣಗಳೆಲ್ಲ ಆ ಬಳಕೆದಾರರಿಗೆ ಒಟ್ಟಿಗೇ ಮಾಯ. ಹೊಸ ಕೀಲಿಯನ್ನು ಮೊದಲು ಪ್ರಕಟಿಸಿ, ಆಮೇಲೆ ಡಿಎಸ್ ಬದಲಿಸಿ, ಎರಡು ದಿನವಾದರೂ ಬಿಟ್ಟು ಹಳೆಯದನ್ನು ತೆಗೆಯಿರಿ. ಸಹಿಗಳ ಅವಧಿ ಮುಗಿಯುವ ದಿನಕ್ಕೆ ಬೇರೆಯೇ ಎಚ್ಚರಿಕೆ ಗಂಟೆ ಇರಲಿ. ಸರ್ವರ್ ಎದ್ದಿದ್ದೂ ಹೆಸರು ಸತ್ತಿರುವುದು ಇಲ್ಲೇ.

ಪ್ರಶ್ನೆ: ಹೊಸ ಹೆಸರಿನ ಇಮೇಲ್ ವಿಳಾಸವನ್ನು ಕೆಲವು ಅರ್ಜಿ ನಮೂನೆಗಳು ‘ತಪ್ಪು’ ಎನ್ನುತ್ತವಲ್ಲ? (ಕಲಬುರಗಿ)

ಉತ್ತರ: ಕೊನೆಯ ಭಾಗ ಎರಡರಿಂದ ನಾಲ್ಕು ರೋಮನ್ ಅಕ್ಷರ ಎಂದು ಎಂದೋ ಬರೆದಿಟ್ಟ ತಪಾಸಣೆ ಅಲ್ಲಿ ಉಳಿದಿರುತ್ತದೆ. ಹೆಸರು ನಡೆಸುವವರು ಅದನ್ನು ತಮ್ಮ ಕಡೆಯಿಂದ ಸರಿಪಡಿಸಲಾರರು. ನಮೂನೆ ನಿಮ್ಮದೇ ಆಗಿದ್ದರೆ ಅಕ್ಷರ ಎಣಿಸುವುದನ್ನು ಬಿಟ್ಟು, ಬೇರು ವಲಯದ ದಾಖಲೆ ಇಡುವ ಐಯಾನಾ ಪ್ರಕಟಿಸುವ ತುದಿ ಹೆಸರುಗಳ ಪಟ್ಟಿಯೊಂದಿಗೆ ಹೋಲಿಸಿ. ಆ ಪಟ್ಟಿ ಬೆಳೆಯುತ್ತಿರುತ್ತದೆ, ಹಾಗಾಗಿ ಒಮ್ಮೆ ಇಳಿಸಿಕೊಂಡ ಪ್ರತಿಯನ್ನೇ ವರ್ಷಗಟ್ಟಲೆ ನೆಚ್ಚಬೇಡಿ.