ಮೈದನಹಳ್ಳಿಗೆ ಸಫಾರಿ ಯಾವಾಗ ಅಂತ ಇನ್ನು ಕೇಳಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಊರು ಬೇರೆ, ಕೇಳುವವರು ಬೇರೆ, ಮಾತು ಮಾತ್ರ ಅದೇ. ಹಾಗಾಗಿ ಅದಕ್ಕೆ ಉದ್ದವಾಗಿ ಬರೆದಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಮಧುಗಿರಿ ಕಡೆಯ ಓದುಗರೊಬ್ಬರು: ಮೈದನಹಳ್ಳಿಯಲ್ಲಿ ಅಷ್ಟೊಂದು ಕೃಷ್ಣಮೃಗ ಇವೆ. ಕಬಿನಿ ತರ ಇಲ್ಲೂ ಸಫಾರಿ, ರೆಸಾರ್ಟ್ ಮಾಡಿದರೆ ಊರಿಗೆ ದುಡ್ಡು, ಜಿಂಕೆಗೆ ರಕ್ಷಣೆ ಎರಡೂ ಆಗುತ್ತಲ್ವಾ? ಪ್ರವಾಸೋದ್ಯಮ ಇಲಾಖೆಯಲ್ಲಿ ಯಾರ ಹೆಸರಿಗೆ ಅರ್ಜಿ ಬರೆಯಬೇಕು?

ಯಾರ ಹೆಸರಿಗೂ ಬೇಡ. ಅರ್ಜಿ ಬರೆಯುವ ಮೊದಲು ಆ ಜಾಗ ಯಾರ ಕೈಯಲ್ಲಿದೆ ಅಂತ ನೋಡಿ. 2007ರಲ್ಲಿ ಸರ್ಕಾರ ಅಲ್ಲಿನ 798 ಎಕರೆಯನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ಅದು ಅಭಯಾರಣ್ಯ ಅಲ್ಲ, ರಾಷ್ಟ್ರೀಯ ಉದ್ಯಾನವೂ ಅಲ್ಲ. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದಾಗ ಸೇರಿಸಿದ ಬೇರೆಯದೇ ವರ್ಗ. ಇಂಥ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಇರಬೇಕು ಅಂತ ಕಾಯ್ದೆಯಲ್ಲೇ ಇದೆ, ಅದರಲ್ಲಿ ಯಾರ್ಯಾರು ಇರಬೇಕು ಅಂತಲೂ ಇದೆ. ಅರಣ್ಯ ಇಲಾಖೆಯವರು ಒಬ್ಬರು, ಅವರೇ ಸದಸ್ಯ ಕಾರ್ಯದರ್ಶಿ. ಆ ಮೀಸಲು ಯಾವ ಯಾವ ಗ್ರಾಮ ಪಂಚಾಯ್ತಿಗೆ ಸೇರುತ್ತದೋ ಆ ಒಂದೊಂದು ಪಂಚಾಯ್ತಿಯಿಂದ ಒಬ್ಬರು. ವನ್ಯಜೀವಿ ಕೆಲಸ ಮಾಡುವ ಸಂಸ್ಥೆಗಳಿಂದ ಮೂವರು. ಕೃಷಿ ಇಲಾಖೆಯಿಂದ ಒಬ್ಬರು, ಪಶುಸಂಗೋಪನೆಯಿಂದ ಒಬ್ಬರು. ಪ್ರವಾಸೋದ್ಯಮ ಇಲಾಖೆ ಆ ಪಟ್ಟಿಯಲ್ಲೇ ಇಲ್ಲ. ನಿಮ್ಮ ಪಂಚಾಯ್ತಿ ಇದೆ! ಅಂದ್ರೆ ನೀವು ಬೆಂಗಳೂರಿನ ಬಾಗಿಲು ತಟ್ಟುವ ಮೊದಲು ನಿಮ್ಮ ಪಂಚಾಯ್ತಿಯ ಪರವಾಗಿ ಅಲ್ಲಿ ಕೂರುವವರು ಯಾರು, ಕಳೆದ ಸಭೆ ಯಾವಾಗ ಆಯ್ತು, ಅದರಲ್ಲಿ ಏನು ತೀರ್ಮಾನ ಆಯ್ತು ಅಂತ ಪಿಡಿಒ ಹತ್ತಿರ ಕೇಳಬೇಕಿತ್ತು. ಇದನ್ನು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಜೀಪ್ ಬೇಕು.

ಕಬಿನಿ ಅಂದ್ರಲ್ಲ, ಅಲ್ಲಿ ಜಂಗಲ್ ಲಾಡ್ಜಸ್ ಇದೆ. 1980ರಲ್ಲಿ ಖಾಸಗಿಯವರ ಜೊತೆ ಸೇರಿ ಶುರುವಾಗಿ, ಆಮೇಲೆ ಪೂರ್ತಿ ರಾಜ್ಯ ಸರ್ಕಾರದ್ದೇ ಆದ ಕಂಪನಿ ಅದು. ಅವರದ್ದು ರೆಸಾರ್ಟ್. ಕಾಡು ಅವರದ್ದಲ್ಲ, ಅದು ಅರಣ್ಯ ಇಲಾಖೆಯದು. ಜೀಪ್ ಎಷ್ಟು ಹೋಗಬೇಕು, ಯಾವ ದಾರೀಲಿ ಹೋಗಬೇಕು ಅನ್ನುವುದಕ್ಕೆ ಇಲಾಖೆಯ ಒಪ್ಪಿಗೆ ಬೇಕು. ಇನ್ನು ಮಯೂರ ಹೋಟೆಲುಗಳನ್ನು ನಡೆಸುವ ಕೆಎಸ್‌ಟಿಡಿಸಿ, ಅಂದ್ರೆ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ, ಅದು ಬೇರೆಯದೇ. ಅವರಿಗೂ ಪ್ರಾಣಿಗೂ ಸಂಬಂಧವಿಲ್ಲ. ಎಲ್ಲಾ ಸರ್ಕಾರದ್ದೇ ತಾನೇ ಅಂತ ಒಂದೇ ಅರ್ಜಿಯನ್ನು ನಾಲ್ಕು ಕಡೆಗೆ ಕಳಿಸುತ್ತೀರಿ, ನಾಲ್ಕು ಕಡೆಯವರೂ ಇದು ನಮಗೆ ಸೇರಿದ್ದಲ್ಲ ಅಂತ ಕಡತ ಮುಚ್ಚುತ್ತಾರೆ.

ಸಫಾರಿ ದುಡ್ಡಿನಿಂದಲೇ ಪ್ರಾಣಿ ಉಳಿಯುತ್ತವೆ ಅನ್ನುವುದನ್ನೂ ಸ್ವಲ್ಪ ನೋಡೋಣ. ಹುಲಿ ಮೀಸಲುಗಳಲ್ಲಿ ಪ್ರವೇಶ ಶುಲ್ಕದ ದುಡ್ಡನ್ನು ಅಲ್ಲೇ ಮತ್ತೆ ಬಳಸಲು ಕಾನೂನಿನ ಪ್ರಕಾರ ಹುಲಿ ಸಂರಕ್ಷಣಾ ಪ್ರತಿಷ್ಠಾನ ಅಂತ ಇದೆ. ಅದು ಹುಲಿ ಮೀಸಲಿಗೆ ಮಾತ್ರ. ಮೈದನಹಳ್ಳಿ ಹುಲಿ ಮೀಸಲಲ್ಲ, ಅಲ್ಲಿ ಟಿಕೆಟ್ ಹರಿದ ಮಾತ್ರಕ್ಕೆ ಆ ದುಡ್ಡು ಜಿಂಕೆಯ ಹುಲ್ಲಿಗೆ ಬರುತ್ತದೆ ಅಂತ ತಿಳಿಯಬೇಡಿ. ಶಿರಾ ತಾಲ್ಲೂಕಿನ ಕಗ್ಗಲಡು ನೋಡಿದ್ದೀರಾ? ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೆಳಗೆ ಜನ ಓಡಾಡಿಕೊಂಡೇ ಇರುತ್ತಾರೆ. ಆ ಹಕ್ಕಿಗಳನ್ನು ಉಳಿಸಿಕೊಂಡವರು ಊರಿನವರು, ರೆಸಾರ್ಟ್ ಅಲ್ಲ.

ಈಗ ಜಾಗದ ಮಾತು. 798 ಎಕರೆ ಅಂದ್ರೆ ಮೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್. ಮೈದನಹಳ್ಳಿಯಲ್ಲಿ ಜೀಪ್ ಎರಡು ಸುತ್ತು ಹೊಡೆದರೆ ಜಿಂಕೆ ಎಲ್ಲಿಗೆ ಹೋಗಬೇಕು? ಸುತ್ತಲಿನ ಶೇಂಗಾ ಹೊಲಕ್ಕೆ. ಆಮೇಲೆ ಬೆಳೆ ಹಾಳಾಯ್ತು ಅಂತ ಬೈಯುವವರೂ ನೀವೇ.

ವೀಕ್ಷಣಾ ಗೋಪುರದ ಮೇಲೆ ಬೆಳಿಗ್ಗೆ ಸುಮ್ನೆ ಅರ್ಧ ಗಂಟೆ ಕೂತು ನೋಡಿ. ದೊಡ್ಡ ಗಂಡು, ಮೈ ಕಪ್ಪಗಾಗಿ ಕೊಂಬು ತಿರುಚಿಕೊಂಡಿರುವುದು, ಒಂದೇ ಜಾಗದಲ್ಲಿ ನಿಂತಿರುತ್ತದೆ. ಅಲ್ಲಿ ಹಿಕ್ಕೆಯ ರಾಶಿ ಇರುತ್ತದೆ, ದಿನಾ ಅದರ ಮೇಲೇ ಹಾಕಿ ಹಾಕಿ ಬೆಳೆಸಿದ್ದು. ಕಣ್ಣಿನ ಹತ್ತಿರದ ಗ್ರಂಥಿಯನ್ನು ಹುಲ್ಲುಕಡ್ಡಿಗೆ ಒರೆಸಿ ವಾಸನೆಯ ಗುರುತು ಬಿಟ್ಟಿರುತ್ತದೆ. ಅದೇ ಅದರ ಸರಹದ್ದು. ಹೆಣ್ಣು ಮರಿ ಹಾಕಿದ ಮೇಲೆ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ದೂರ ಮೇಯುತ್ತಾ, ಹಾಲು ಕುಡಿಸಲು ಮಾತ್ರ ಬರುತ್ತದೆ. ಮರಿ ಅಲುಗಾಡುವುದಿಲ್ಲ, ನೀವು ಪಕ್ಕದಲ್ಲೇ ನಿಂತರೂ ಏಳುವುದಿಲ್ಲ. ದಾರಿ ಬಿಟ್ಟು ಗಾಡಿ ಇಳಿಸಿದರೆ ಚಕ್ರ ಹತ್ತುವುದು ಅದರ ಮೇಲೇ. "ತಾಯಿ ಬಿಟ್ಟು ಹೋಗಿದೆ ಪಾಪ" ಅಂತ ಮನೆಗೆ ಎತ್ತಿಕೊಂಡು ಹೋಗುವ ಪುಣ್ಯಾತ್ಮರಿಗೆ ಒಂದು ಮಾತು: ತಾಯಿ ಬಿಟ್ಟಿರುವುದಿಲ್ಲ, ಬಿಡಿಸುವವರು ನೀವು. ಕಾಯ್ದೆಯಲ್ಲಿ ಬೇಟೆ ಅಂದ್ರೆ ಕೊಲ್ಲುವುದು ಮಾತ್ರ ಅಲ್ಲ, ಹಿಡಿಯುವುದು, ಅಟ್ಟಾಡಿಸುವುದೂ ಬೇಟೆಯೇ. ಕೃಷ್ಣಮೃಗ ಆ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿ, ಶಿಕ್ಷೆ 3ರಿಂದ 7 ವರ್ಷ. ರೀಲ್ಸ್‌ಗಾಗಿ ಬೈಕ್‌ನಲ್ಲಿ ಹಿಂದೆ ಬೀಳುವ ಹುಡುಗರಿಗೂ ಇದನ್ನು ಓದಿ ಹೇಳಿ.

ಇನ್ನೊಂದು ಪೀಡೆ ಇದೆ. ಪರಿಸರ ದಿನ ಬಂತು ಅಂದ್ರೆ "ಬಂಜರು ಬಿದ್ದಿದೆ, ಗಿಡ ನೆಡೋಣ" ಅಂತ ಬ್ಯಾನರ್ ಹಿಡಿದು ಬರುವವರು. ಅದು ಬಂಜರಲ್ಲ ಸ್ವಾಮಿ, ಹುಲ್ಲುಗಾವಲು. ಕೃಷ್ಣಮೃಗ ದೂರದಿಂದ ಅಪಾಯ ನೋಡಿ ಓಡಿ ಬದುಕುವ ಪ್ರಾಣಿ, ಅದಕ್ಕೆ ಬಯಲೇ ಬೇಕು. ನೀಲಗಿರಿ ಸಾಲು ನೆಟ್ಟರೆ ಹುಲ್ಲೂ ಹೋಗುತ್ತದೆ, ನೋಟವೂ ಹೋಗುತ್ತದೆ. ನಿಮ್ಮ ಸಸಿಗಳನ್ನು ಶಾಲೆ ಅಂಗಳದಲ್ಲಿ ನೆಡಿ.

ಅರ್ಜಿ ಬರೆಯಲೇಬೇಕು ಅಂದ್ರೆ ಸಮಿತಿಗೆ ಬರೆಯಿರಿ. ಬೇಸಿಗೆಯಲ್ಲಿ ಬೆಂಕಿ ಕಾಯಲು ಊರಿನ ಹುಡುಗರಿಗೆ ಕೂಲಿ ಕೊಡಿ ಅಂತ ಕೇಳಿ. ಮರಿ ಹಿಡಿಯುವ ಬೀದಿನಾಯಿಗಳಿಗೆ ಏನು ಮಾಡುತ್ತೀರಿ ಅಂತ ಕೇಳಿ. ಬೆಳೆ ಪರಿಹಾರ ಯಾಕೆ ತಡ ಅಂತ ಕೇಳಿ. ಪ್ರವಾಸಿಗಳಿಂದ ದುಡ್ಡು ಬೇಕಾ? ಮೀಸಲಿನ ಹೊರಗೆ ನಿಮ್ಮ ಸ್ವಂತ ಮನೆಯಲ್ಲಿ ಮುದ್ದೆ ಊಟ ಹಾಕಿ, ಗೋಪುರದ ತನಕ ನಡೆಸಿಕೊಂಡು ಹೋಗಲು ವಲಯ ಅರಣ್ಯಾಧಿಕಾರಿಯ ಒಪ್ಪಿಗೆ ಕೇಳಿ. ಅದಕ್ಕೆ ರೆಸಾರ್ಟ್ ಬೇಡ.

ಶಿರಾ: ಬುಕ್ಕಾಪಟ್ಟಣದಲ್ಲಿ ಚಿಂಕಾರ ಜಿಂಕೆ ನೋಡಲು ಸಿಗುವ ಗ್ಯಾರಂಟಿ ಇದೆಯಾ?

ಇಲ್ಲ. 2019ರಿಂದ ಅದು ವನ್ಯಜೀವಿಧಾಮ, ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ.

ಚಿಕ್ಕಬಳ್ಳಾಪುರ: ಸ್ಕಂದಗಿರಿಗೆ ರಾತ್ರಿ ಹತ್ತಿಸುವ ಲೋಕಲ್ ಗೈಡ್ ಇದ್ದಾನೆ, ಟಿಕೆಟ್ ಬೇಡ ಅಂತಾನೆ. ಹೋಗಬಹುದಾ?

ಬೇಡ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇದೆ, ಅದರಲ್ಲಿ ಮಾಡಿಸಿ, ಬೆಳಕಲ್ಲಿ ಹೋಗಿ. ಸಿಕ್ಕಿಬಿದ್ದರೆ ಓಡುವ ದಾರಿ ಆ ಗೈಡ್‌ಗೆ ಗೊತ್ತು, ನಿಮಗೆ ಗೊತ್ತಿಲ್ಲ.

ಕೋಲಾರ: ಹೋಂಸ್ಟೇ ನೋಂದಣಿ ಆಗಿದೆ. ಅತಿಥಿಗಳನ್ನು ರಾತ್ರಿ ಕಾಡಿಗೆ ಕರೆದೊಯ್ಯಬಹುದಲ್ವಾ?

ಪ್ರವಾಸೋದ್ಯಮ ಇಲಾಖೆಯ ನೋಂದಣಿ ನಿಮ್ಮ ಮನೆಗೆ. ಕಾಡಿಗಲ್ಲ.

ತುಮಕೂರು: ನಾಗವಲ್ಲಿ ಕಡೆಯ ಮಂತ್ರವಾದಿಯೊಬ್ಬ ಕಾಡುಪಾಪ ಕೊಟ್ಟರೆ ವಶೀಕರಣ ಮಾಡಿಕೊಡುತ್ತೇನೆ ಅಂತಿದ್ದಾನೆ. ನಿಜವಾ?

ಇದನ್ನು ಕೇಳಲು ನಾಚಿಕೆ ಆಗಬೇಕು. ಕಾಡುಪಾಪ ರಾತ್ರಿ ಹೊತ್ತು ಕೊಂಬೆ ಮೇಲೆ ಮೆಲ್ಲಗೆ ನಡೆಯುತ್ತಾ ಹುಳ ಹಿಡಿದು ತಿನ್ನುವ ಬಡಪಾಯಿ. ಅದರ ಕಣ್ಣು ದೊಡ್ಡದಿರುವುದು ಕತ್ತಲಲ್ಲಿ ಕಾಣಲಿ ಅಂತ, ನಿಮ್ಮ ಹುಡುಗಿ ಒಲಿಯಲಿ ಅಂತ ಅಲ್ಲ. ಎರಡು ತಲೆ ಹಾವು, ನಕ್ಷತ್ರ ಆಮೆ, ಹುಲಿ ಉಗುರು ಮಾರುವವರೂ ಇದೇ ಜಾತಿಯ ಕಳ್ಳರು. ಕೊಂಡವರೂ ಜೈಲಿಗೆ ಹೋಗುತ್ತಾರೆ. 1926ಕ್ಕೆ ಕರೆ ಮಾಡಿ, ಅರಣ್ಯ ಸಹಾಯವಾಣಿ ಅದು. ಅವನು ಎಲ್ಲಿ ಕೂರುತ್ತಾನೆ ಅಂತ ಹೇಳಿ. ನನಗೆ ಮತ್ತೆ ಬರೆಯುವ ಮೊದಲು ಆ ಕೆಲಸ ಮಾಡಿ.