ಡೈವ್ ಮಾಡುವಾಗ ಬುಲ್ ಶಾರ್ಕ್ ಕಂಡರೆ ಕೂಡಲೇ ಮೇಲೆ ಬಂದುಬಿಡಬೇಕೇ?

ಬೇಡ. 18 ಮೀಟರ್ ಆಳದಲ್ಲಿ ಸಿಲಿಂಡರಿನಿಂದ ಎಳೆದುಕೊಂಡ ಉಸಿರು ನೀರಿನ ಮೇಲಕ್ಕೆ ಬರುವಷ್ಟರಲ್ಲಿ 2.8 ಪಟ್ಟು ಹಿಗ್ಗುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶ ಹರಿಯಬಹುದು. ನನ್ನ ಪ್ರಕಾರ ಶಾರ್ಕ್‌ಗಿಂತ ಆ ಗಾಬರಿಗೇ ಹೆಚ್ಚು ಹೆದರಬೇಕು.

ದಪ್ಪ ಮೈ, ಮೊಂಡು ಮೂತಿ, ಸಣ್ಣ ಕಣ್ಣು, ಗುರುತುಗಳಿಲ್ಲದ ಬೂದು ಬಣ್ಣ ಇದ್ದರೆ ಬುಲ್ ಶಾರ್ಕ್ ಇರಬಹುದು. ಪಕ್ಕೆಯಲ್ಲಿ ಪಟ್ಟೆಗಳಿದ್ದರೆ ಟೈಗರ್ ಶಾರ್ಕ್. ಮಾಸ್ಕ್‌ನೊಳಗಿಂದ ಎಲ್ಲವೂ ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುವುದರಿಂದ, ನಿಮಗೆ 4 ಮೀಟರ್ ಅನಿಸಿದ್ದು ನಿಜಕ್ಕೂ 3 ಮೀಟರ್ ಇದ್ದೀತು.

ಅತಿ ಕೆಟ್ಟ ಜಾಗವೆಂದರೆ ತಳವೂ ಇಲ್ಲದ, ಗೋಡೆಯೂ ಇಲ್ಲದ ನಡುನೀರು. ಅಲ್ಲಿ ಶಾರ್ಕ್ ಕೆಳಗಿನಿಂದಲೂ ಬರಬಹುದು, ಹಿಂದಿನಿಂದಲೂ ಬರಬಹುದು. ಹತ್ತಿರದಲ್ಲಿ ರೀಫ್ (ಹವಳದ ಅಥವಾ ಬಂಡೆಯ ದಿಬ್ಬ) ಇದ್ದರೆ ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಜೋರಾಗಿ ಬಡಿಯದೆ ಅತ್ತ ಸರಿದು, ಬೆನ್ನು ರೀಫ್ ಕಡೆಗಿಟ್ಟು ನೆಟ್ಟಗೆ ನಿಲ್ಲಿ. ಇಲ್ಲದಿದ್ದರೆ ಜೊತೆಗಾರರೊಂದಿಗೆ ಬೆನ್ನಿಗೆ ಬೆನ್ನು ಕೊಡಿ. ಶಾರ್ಕ್ ಸುತ್ತಿದಂತೆಲ್ಲ ನೀವೂ ತಿರುಗುತ್ತ ಅದರ ಮೇಲೆಯೇ ಕಣ್ಣಿಡಿ. ಕೈಗಳನ್ನು ಎದೆಗೆ ಕಟ್ಟಿಕೊಳ್ಳಿ. ಕಲಕಿದ ನೀರಿನಲ್ಲಿ ಆಡುವ ಬರಿಗೈ ಮೀನಿನಂತೆ ಕಾಣುತ್ತದೆ. ಅದು ಹೊರಟುಹೋಗುವ ದಾರಿಗೆ ಮಾತ್ರ ಅಡ್ಡ ನಿಲ್ಲಬೇಡಿ.

ದೂರದಿಂದ ನಿಧಾನವಾಗಿ ಒಂದೆರಡು ಸುತ್ತು ಬಂದು ಹೋದರೆ ಅದು ಬರೀ ಕುತೂಹಲ. ಸುತ್ತು ಕಿರಿದಾಗುತ್ತ, ತಿರುವುಗಳು ಚುರುಕಾದರೆ ಡೈವ್ ಮುಗಿಸಿ. ತೀರ ಹತ್ತಿರ ಬಂದರೆ ಕ್ಯಾಮೆರಾವನ್ನೋ ಫಿನ್ ಅನ್ನೋ ಮಧ್ಯೆ ಹಿಡಿದು ಮೂತಿಯನ್ನು ಪಕ್ಕಕ್ಕೆ ತಳ್ಳಿ. ಗುದ್ದಲು ಹೋಗಬೇಡಿ, ಬಾಯಿ ಇರುವುದು ಮೂತಿಯ ಕೆಳಗೇ.

ಈ ನಡುವೆ ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಗೇಜ್ ನೋಡುವುದನ್ನು ಮರೆಯುವವರೇ ಹೆಚ್ಚು. ಹೆದರಿದಾಗ ಉಸಿರಾಟ ಏರಿ ಗಾಳಿ ಬೇಗ ಖಾಲಿಯಾಗುತ್ತದೆ. ಆದ್ದರಿಂದ ಗಾಳಿ ಸಾಕಷ್ಟಿರುವಾಗಲೇ ಇಬ್ಬರೂ ಒಟ್ಟಿಗೆ ರೀಫ್ ಅಥವಾ ಲಂಗರು ಹಗ್ಗದ ಪಕ್ಕದಲ್ಲೇ ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಿ. ಡಿಕಂಪ್ರೆಷನ್ ಮಿತಿಯೊಳಗಿದ್ದರೆ (ಅಂದರೆ ಏರುವಾಗ ಕಡ್ಡಾಯವಾಗಿ ನಿಲ್ಲಬೇಕಾಗುವಷ್ಟು ಹೊತ್ತು ಆಳದಲ್ಲಿ ಇದ್ದಿಲ್ಲವಾದರೆ) 5 ಮೀಟರ್‌ನಲ್ಲಿ 3 ನಿಮಿಷದ ನಿಲುಗಡೆ ಬರೀ ಮುನ್ನೆಚ್ಚರಿಕೆ. ಶಾರ್ಕ್ ನಿಜಕ್ಕೂ ಮೈಮೇಲೆ ಬರುತ್ತಿದ್ದರೆ ಆ ನಿಲುಗಡೆಯನ್ನು ಬಿಡಬಹುದು, ಏರುವ ವೇಗವನ್ನು ಮಾತ್ರ ಮೀರುವಂತಿಲ್ಲ. ನೀರಿನ ಮೇಲೆ ಬಂದ ಮೇಲೂ ಮುಖ ನೀರಿನಲ್ಲೇ ಇಟ್ಟು ಕೆಳಗೆ ನೋಡುತ್ತಿರಿ. ಕೆಳಗಿರುವಾಗಲೇ ನೀರಿನ ಮೇಲೆ ತೇಲಿ ನಿಮ್ಮ ಜಾಗ ತೋರಿಸುವ ಸಿಗ್ನಲ್ ಬಲೂನ್ ಬಿಟ್ಟಿದ್ದರೆ ದೋಣಿ ಬೇಗ ಹತ್ತಿರ ಬರುತ್ತದೆ.

ಬುಲ್ ಶಾರ್ಕ್ ಸಿಹಿನೀರಿಗೂ ನುಗ್ಗುವ ಜಾತಿ. ಆಫ್ರಿಕಾದ ಜಾಂಬೆಜಿ ನದಿಯಲ್ಲೂ ಮಧ್ಯ ಅಮೆರಿಕದ ನಿಕರಾಗುವಾ ಸರೋವರದಲ್ಲೂ ಸಿಗುತ್ತದೆ. ಹಾಗಾಗಿ ಮಳೆ ಬಂದು ಕೆಂಪಾದ ನದೀಮುಖಗಳಲ್ಲಿ ಡೈವ್ ಬೇಡ. ಈಟಿಯಿಂದ ಹಿಡಿದ ಮೀನನ್ನು ಸೊಂಟಕ್ಕೆ ಕಟ್ಟಿಕೊಂಡವರ ಜೊತೆಗಂತೂ ಬೇಡವೇ ಬೇಡ.