ನಾಲ್ಕು ನೋಟ್‌ಬುಕ್ ತುಂಬಿದ ಮೇಲೂ

(ಗುರುತು ಸಿಗದಿರಲಿ ಅಂತ ವಯಸ್ಸು, ಕೆಲಸ, ಕೆಲವು ಸಂದರ್ಭಗಳನ್ನು ಬದಲಿಸಿದ್ದೇನೆ.)

ಆಪ್ತ ಸಲಹೆಗೆ ಅಂತ ನನ್ನ ಹತ್ತಿರ ಬಂದು ಕೂತವರೇ ಬ್ಯಾಗಿನಿಂದ ನಾಲ್ಕು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ವಯಸ್ಸು 34, ಲೆಕ್ಕಪತ್ರ ನೋಡುವ ಕೆಲಸ.

"ಮೇಡಂ, ಡೈರಿ ಬರೆದ್ರೆ ದಾರಿ ಕಾಣತ್ತೆ ಅಂದ್ರು. ಒಂದೂವರೆ ವರ್ಷದಿಂದ ಬರೀತಿದ್ದೀನಿ. ದಾರಿ ಹಾಗಿರ್ಲಿ, ಇದ್ದ ನಿದ್ದೆನೂ ಹೋಯ್ತು."

ಮೊದಲು ಕೇಳಲೇಬೇಕಾದ್ದನ್ನು ಕೇಳಿದೆ. ಊಟ ಸೇರುತ್ತಿದೆಯಾ, ಬದುಕೇ ಬೇಡ ಅನ್ನಿಸಿದ್ದುಂಟಾ? ಅಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ನೋಟ್‌ಬುಕ್ ಮಾತು ಅಲ್ಲಿಗೇ ನಿಲ್ಲಿಸಿ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಯಾರ ಡೈರಿಯನ್ನೂ ನಾನು ಓದುವುದಿಲ್ಲ. ನಿಮಗೆ ಬೇಕಾದ ಪುಟ ನೀವೇ ಓದಿ ಅಂದೆ. ಮೊದಲ ನೋಟ್‌ಬುಕ್‌ನಿಂದ ಒಂದು ಪುಟ ಓದಿದರು, ಆಮೇಲೆ ನಾಲ್ಕನೆಯದರಿಂದ ಒಂದು. ತಾರೀಖು ಬಿಟ್ಟರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. "ನಾನ್ಯಾಕೆ ಹೀಗೆ? ಎಲ್ಲರೂ ಮುಂದೆ ಹೋದರು, ನಾನ್ಯಾಕೆ ಇಲ್ಲೇ ಇದ್ದೀನಿ?" ಓದುತ್ತಾ ಓದುತ್ತಾ ಅವರ ದನಿಯೇ ಇಳಿದುಹೋಯಿತು. ದಿನಾ ರಾತ್ರಿ 11ಕ್ಕೆ ಕೂತು ಒಂದು ಗಂಟೆ ಇದನ್ನೇ ಬರೆಯುತ್ತಿದ್ದರಂತೆ. ಗಾಣದೆತ್ತಿನ ಸುತ್ತು, ಅಲ್ವಾ?

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಎಲ್ಲರಿಗೂ "ಮನಸ್ಸಿಗೆ ಬಂದದ್ದೆಲ್ಲ ಬರೀರಿ" ಅಂತ ಸುಮ್ನೆ ಹೇಳಿ ಕಳಿಸುತ್ತಿದ್ದೆ. ಕೆಲವರು ಹಗುರಾದರು. ಇನ್ನು ಕೆಲವರು ಹೋಗುವಾಗ ಇದ್ದದ್ದಕ್ಕಿಂತ ಜಾಸ್ತಿ ಕುಗ್ಗಿ ಬಂದರು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದ ವಿವರ ಓದಿದಾಗ ನನಗೆ ಸಂಗತಿ ಅರ್ಥವಾಯಿತು. ಅಲ್ಲಿ ವಿದ್ಯಾರ್ಥಿಗಳು ಬರೆದದ್ದು ದಿನಕ್ಕೆ ಬರೀ 15 ನಿಮಿಷ, ಅದೂ ನಾಲ್ಕೇ ದಿನ. ಕಹಿ ಅನುಭವದಲ್ಲಿ ನಡೆದದ್ದೇನು, ಆಗ ಅನ್ನಿಸಿದ್ದೇನು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೆದು ಮುಗಿಸಿದ ಕೂಡಲೇ ಮಾತ್ರ ಅವರಿಗೆ ಬೇಸರವೇ ಜಾಸ್ತಿಯಾಗಿತ್ತು. ಹಾಗಿರುವಾಗ ಒಂದೂವರೆ ವರ್ಷ, ದಿನಕ್ಕೊಂದು ಗಂಟೆ, ಮಲಗೋ ಹೊತ್ತಲ್ಲಿ! ನಿದ್ದೆ ಬರುವುದಾದರೂ ಹೇಗೆ?

ಅವರಿಗೆ ಹೇಳಿದ್ದು ಇಷ್ಟು. ರಾತ್ರಿ ಬರೆಯೋದು ನಿಲ್ಲಿಸಿ. ಕೆಲಸ ಮುಗಿದ ಮೇಲೆ, ಇನ್ನೂ ಬೆಳಕಿರುವಾಗ 15 ನಿಮಿಷ ಸಾಕು, ಅಲಾರಂ ಇಟ್ಟುಕೊಳ್ಳಿ. ಅವತ್ತು ನಡೆದ ಒಂದೇ ಒಂದು ಸಂಗತಿ ಬರೀರಿ. ಯಾರಿದ್ದರು, ಏನಂದರು, ನಿಮ್ಮ ಕೈ ಏನು ಮಾಡ್ತಿತ್ತು, ಮೈಯಲ್ಲಿ ಏನಾಯ್ತು. ಮೂರು ವಾರ 'ಯಾಕೆ' ಅನ್ನೋ ಪದಕ್ಕೆ ರಜಾ. ಯಾವತ್ತಾದರೂ ಬರೆಯುತ್ತಾ ಎದೆ ಬಿಗಿದರೆ ಅಲ್ಲೇ ಮುಚ್ಚಿಟ್ಟು ಎದ್ದುಬಿಡಿ, ಮುಗಿಸಲೇಬೇಕು ಅಂತಿಲ್ಲ.

ಜೊತೆಗೆ ಒಂದು ಪೆನ್ಸಿಲ್ ಕೆಲಸ ಕೊಟ್ಟೆ. ವಾರಕ್ಕೊಮ್ಮೆ ಹಿಂದಿನ ಪುಟಗಳನ್ನು ಓದಿ, 'ಬೇಕು' ಬಂದಲ್ಲೆಲ್ಲ ಗೆರೆ ಎಳೆಯಿರಿ ಅಂದೆ. ನಮ್ಮ ಭಾಷೆಯಲ್ಲಿ ಇದೊಂದು ಮಜಾ ಇದೆ. ಆಸೆಗೂ 'ಬೇಕು', ಒತ್ತಾಯಕ್ಕೂ 'ಬೇಕು'. "ನಾನು ಓದಬೇಕು" ಅಂದರೆ ಆಸೆಯಾ, ತಲೆ ಮೇಲಿನ ಹೊರೆಯಾ? ಬರೆದವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಆ ಸಾಲನ್ನು ಜೋರಾಗಿ ಓದಿ, ಯಾರ ದನಿಯಲ್ಲಿ ಕೇಳಿಸುತ್ತದೆ ಅಂತ ಪಕ್ಕದಲ್ಲಿ ಗುರುತು ಹಾಕಿ ಅಂದೆ.

ಮೂರು ವಾರ ಬಿಟ್ಟು ಬಂದರು. ಲೆಕ್ಕದವರಲ್ವಾ, ಪಟ್ಟಿ ಮಾಡಿಕೊಂಡೇ ಬಂದಿದ್ದರು. ಒಟ್ಟು 43 'ಬೇಕು'. ಅದರಲ್ಲಿ 26 ಅಣ್ಣನ ದನಿ, 8 ಆಫೀಸಿನದು. "ನನ್ನದು ಅನ್ನೋದು ಒಂಬತ್ತೇ ಮೇಡಂ" ಅಂದರು. ಮೂರು ವರ್ಷದಿಂದ ಅರ್ಜಿ ತುಂಬಿ ತುಂಬಿ ಬಿಡುತ್ತಿದ್ದ ಮ್ಯಾನೇಜ್‌ಮೆಂಟ್ ಕೋರ್ಸ್ ಆ ಒಂಬತ್ತರಲ್ಲಿ ಇರಲೇ ಇಲ್ಲ. ಅದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಆಮೇಲೆ ಒಂದು ಪುಟ ಓದಿದರು. ಪಕ್ಕದವರ ಕುರ್ಚಿ ಚಕ್ರ ತಿರುಗುತ್ತಿರಲಿಲ್ಲ. ಇವರು ಕುರ್ಚಿ ಮಗುಚಿ ಹಾಕಿ, ಚಕ್ರ ಕಿತ್ತು, ಒಳಗೆ ಸುತ್ತಿಕೊಂಡಿದ್ದ ಕೂದಲು, ದಾರವನ್ನೆಲ್ಲ ಕತ್ತರಿಯ ತುದಿಯಿಂದ ಬಿಡಿಸಿ ತೆಗೆದರು. ಮತ್ತೆ ಒತ್ತಿ ಕೂರಿಸಿದಾಗ 'ಟಕ್' ಅಂದಿತು. ಇಷ್ಟನ್ನೇ ಒಂದು ಇಡೀ ಪುಟ ಬರೆದಿದ್ದರು. "ಕುರ್ಚಿ ಬಗ್ಗೆ ಒಂದು ಪುಟನಾ!" ಅಂತ ತಾವೇ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಂಥ ಕಡೆ ಸಲಹೆಗಾರರಿಗೆ ಬಾಯಿ ಕಟ್ಟೋದು ಕಷ್ಟ. "ನೋಡಿ, ಇದೇ ನಿಮ್ಮ ದಾರಿ" ಅಂತ ಹೇಳಿಬಿಡುವ ಆಸೆ. ಹೇಳಿದ್ದರೆ ಅದು ನನ್ನ ದನಿಯ 'ಬೇಕು' ಆಗುತ್ತಿತ್ತು. ಒಂದು ಪುಟದ ಮಾತು ಕೇಳಿ ಕೆಲಸ ಬಿಡುವುದು ಬೇಡ ಅಂದೆ. ಆ ಒಂಬತ್ತರಲ್ಲಿ ಈ ತಿಂಗಳು, ಕೈಯಿಂದ ಹೆಚ್ಚು ದುಡ್ಡು ಹಾಕದೆ ಮಾಡಿ ನೋಡಬಹುದಾದ್ದು ಯಾವುದು ಅಂತ ಕೇಳಿದೆ. ಪರಿಚಯದವರೊಬ್ಬರು ಯಂತ್ರ ರಿಪೇರಿ ಮಾಡುತ್ತಾರೆ, ರಜಾ ದಿನ ಅವರ ಜೊತೆ ಅರ್ಧ ದಿನ ಕೂರುತ್ತೇನೆ ಅಂದರು. ಕೋರ್ಸ್ ಬೇಡ ಅಂತ ಅಣ್ಣನಿಗೆ ಹೇಳುವ ಮಾತನ್ನೂ ಮೊದಲು ನೋಟ್‌ಬುಕ್‌ನಲ್ಲಿ ಬರೆದು ನೋಡಿಕೊಂಡರು. ಮೂರು ಸಲ ಹೊಡೆದು ಹಾಕಿ, ನಾಲ್ಕನೇ ಸಲ ಎರಡೇ ಸಾಲಿಗೆ ಇಳಿಸಿದ್ದರು. ಹೇಳಿದ ಮೇಲೆ ಅಣ್ಣ ಒಂದು ವಾರ ಮಾತು ಬಿಟ್ಟಿದ್ದರಂತೆ.

ಕೊನೆಯ ಸಲ ಬಂದಾಗಲೂ ಅದೇ ಲೆಕ್ಕದ ಕೆಲಸದಲ್ಲೇ ಇದ್ದರು. ರಿಪೇರಿಗೆ ಐದು ಸಲ ಹೋಗಿ ಬಂದಿದ್ದರು. ಬೆರಳಿಗೊಂದು ಪಟ್ಟಿ. ಐದನೇ ನೋಟ್‌ಬುಕ್ ಅರ್ಧವೂ ತುಂಬಿರಲಿಲ್ಲ. "ಒಂಬತ್ತು ದಿನ ಬರೆಯೋದೇ ಮರೆತುಹೋಯ್ತು ಮೇಡಂ, ತಪ್ಪಾಯ್ತಾ?" ಅಂತ ಕೇಳಿದರು. ನಿದ್ದೆ ಹೇಗಿದೆ ಅಂತ ಕೇಳಿದೆ.